ಮೂರನೆಯ ಬಾಣ

ಪ್ಲಾನಿನಲ್ಲಿ, ಕೋಣೆಯ ನಡುವೆ, ಒಂದು ದುಂಡು ಗುರುತು ಇಡುತ್ತೇನೆ.
ಅದಕ್ಕೆ ನಾಲ್ಕು ಬಾಣ, ನಾಲ್ಕು ಗೋಡೆಗೆ.
ಯಾವುದರ ಮೇಲಾದರೂ ಎರಡು ಸಲ ಒತ್ತಿದರೆ
ಆ ಗೋಡೆ ಎದ್ದು ಎದುರಿಗೆ ನಿಲ್ಲುತ್ತದೆ,
ಫೋಟೋ ಹೊಡೆಸಿಕೊಳ್ಳಲು ಬಂದ ಹಳೇ ಕಾಲದವರ ಹಾಗೆ,
ನೆಟ್ಟಗೆ, ನಗದೆ.

ತಿಬಿಲಿಸಿ. ಸೊಲೊಲಾಕಿಯ ಏರು. ಮಾರ್ಚಿ ತಿಂಗಳು.
ನನ್ನ ಆಫೀಸು ಬೇಕರಿಯ ಮೇಲೆ;
ರೊಟ್ಟಿಯ ಬಿಸಿ ನೆಲ ಹತ್ತಿ ಬಂದು ಪಾದ ಮುಟ್ಟುತ್ತದೆ.
ಕೆಲಸ ಸಣ್ಣದು: ಲಮಾರಾ, ತ್ಸಿಯುರಿ, ಅಕ್ಕ ತಂಗಿ,
ಒಬ್ಬಳು ಕಟ್ಟುಹಲ್ಲಿನ ಅಚ್ಚು ತೆಗೆಯುವವಳು,
ಒಬ್ಬಳು ಮಕ್ಕಳಿಗೆ ಪಿಯಾನೊ ಹೇಳಿಕೊಡುವವಳು.
ಇಬ್ಬರೂ ಇರುವ ಫ್ಲ್ಯಾಟಿನ ದೊಡ್ಡ ಕೋಣೆಗೆ
ನಡುವೆ ಒಂದು ಗೋಡೆ ಬೇಕು.
ಹನ್ನೆರಡು ಸೆಂಟಿಮೀಟರ್ ದಪ್ಪ. ಸದ್ದು ದಾಟಕೂಡದು.

ಜಗಳ ಏತಕ್ಕೆಂದು ನಾನು ಕೇಳಲಿಲ್ಲ.
ಹೇಳಿದರು, ಇಬ್ಬರೂ,
ಬೇರೆ ಬೇರೆ ದಿನ, ಬೇರೆ ಬೇರೆ ಜಗಳ.

ಗೋಡೆಗೆ ಎರಡು ಮುಖ, ಹಾಗಾಗಿ ಎರಡು ಗುರುತು.
ಅಕ್ಕನ ಮೂರನೆಯ ಬಾಣ, ತಂಗಿಯ ಒಂದನೆಯ ಬಾಣ
ಒಂದಕ್ಕೊಂದು ಗುರಿಯಿಟ್ಟು ನಿಂತಿವೆ.
ನಡುವೆ ಇನ್ನೂ ಭಟ್ಟಿ ಕಾಣದ ಇಟ್ಟಿಗೆ.

ಮೂರನೆಯದನ್ನು ತೆರೆದೆ.
ಅಕ್ಕನ ಬಿಳಿಗೋಡೆ ಇರಬೇಕಾದಲ್ಲಿ ತಂಗಿಯ ಪಿಯಾನೊ.
ಅದರ ಹಿಂದೆ ನೀಲಿ ಹೆಂಚಿನ ಒಲೆ, ಒಲೆಯ ಕೊಳವೆ,
ಕಿಟಕಿ, ಕಿಟಕಿಯಾಚೆ ಅಂಗಳದ ಮರದ ಬಾಲ್ಕನಿಯ ಕಟಾಂಜನ,
ಎಲ್ಲ ಒಂದೇ ಹಾಳೆಗೆ ಅಂಟಿ.
ಎಲಿವೇಶನ್ನಿಗೆ ದೂರವೆಂಬುದು ಗೊತ್ತಿಲ್ಲ.
ಒಂಬತ್ತು ಮೀಟರ್ ಆಚೆಯ ಗಡಿಯಾರಕ್ಕೂ
ಕೈಗೆಟಕುವ ಸ್ವಿಚ್ಚಿಗೂ ಅಲ್ಲಿ ಒಂದೇ ತಕ್ಕಡಿ.

ತಪ್ಪು ನನ್ನದೇ. ನೋಟದ ಕಾಲವನ್ನು
'ಈಗ ಇರುವುದು' ಎಂದೇ ಬಿಟ್ಟಿದ್ದೆ;
ಹೊಸ ಗೋಡೆ 'ಮುಂದೆ ಆಗುವುದು'.
ಆಳದ ಗೆರೆಯೂ ಬೀದಿಯವರೆಗೆ ಚಾಚಿತ್ತು.
ಅಷ್ಟರಲ್ಲಿ ಕರಡು ಪ್ರತಿ ಲಮಾರಾಗೆ ಹೋಗಿಯೂ ಆಗಿತ್ತು.

ಸರಿಪಡಿಸಿದೆ. ಕಾಲ ಬದಲಿಸಿದೆ,
ಗೋಡೆ ಸದ್ದಿಲ್ಲದೆ ಬಂದು ನಿಂತಿತು,
ಪಿಯಾನೊ ಹೋಯಿತು, ಒಲೆ ಹೋಯಿತು, ಬೆಳಕು ಹೋಯಿತು.
ಆಳದ ಗೆರೆಯನ್ನು ನೀಲಿ ಚುಕ್ಕೆ ಹಿಡಿದು
ಇತ್ತ ಎಳೆದೆ, ಇನ್ನೂ ಇತ್ತ, ಇಟ್ಟಿಗೆಗೆ ತಾಗುವಷ್ಟು.
ಮೇಲಿನ ಚೌಕಟ್ಟು ಎತ್ತಿದೆ; ಚಾವಣಿ ಮೂರು ಮೀಟರ್ ತೊಂಬತ್ತು.

ಆಗ ಕಂಡದ್ದು ಗಾರೆಯ ಹೂವು.
ಚಾವಣಿಯ ನಟ್ಟನಡುವೆ, ಸುತ್ತ ದ್ರಾಕ್ಷಿಯ ಬಳ್ಳಿ;
ಹೊಸ ಗೋಡೆ ಅದನ್ನು ಸರಿಯಾಗಿ ಸೀಳುತ್ತದೆ.
ಅಕ್ಕನಿಗರ್ಧ, ತಂಗಿಗರ್ಧ.
ಆದರೆ ನೋಡಿ, ಎಷ್ಟು ಸಲ ಅಳೆದೆನೋ:
ಕತ್ತರಿಸಿದ ಗೋಡೆಗೆ ಎದುರಾಗಿ ನಿಂತರೆ
ಅರ್ಧ ಹೂವಿಗೂ ಪೂರ್ತಿ ಹೂವಿನಷ್ಟೇ ಅಗಲ.
ಆ ಹಾಳೆಯಲ್ಲೂ ಒಂದು ಮೀಟರ್ ನಲವತ್ತು,
ಈ ಹಾಳೆಯಲ್ಲೂ ಒಂದು ಮೀಟರ್ ನಲವತ್ತು.
ಕೊರತೆ ಇರುವುದು ಆಳದಲ್ಲಿ,
ಅದನ್ನು ಈಗಷ್ಟೇ ನಾನೇ ಎಳೆದು ಮುಚ್ಚಿದ್ದೆ.

ಸಂಜೆ ಮೆಟ್ಟಿಲು ಹತ್ತಿ ಹೋದೆ.
ಲಮಾರಾ ಮೇಜಿನ ಮೇಲಿನ ಹಲ್ಲುಗಳನ್ನು ಸರಿಸಿ
ಹಾಳೆ ಹರಡಿದಳು. ಬೆರಳಿಗೆ ಬಿಳಿ ಪುಡಿ.
"ಪಿಯಾನೊ ಎಲ್ಲಿ?"
"ಅದು ಆ ಕಡೆ."
"ಮೊದಲು ಕಳಿಸಿದ್ದರಲ್ಲಿ ಇತ್ತು."
"ಅದು ತಪ್ಪು ಹಾಳೆ."
ಗೋಡೆಯಿಲ್ಲದ ಆ ಕೋಣೆಯ ಆಚೆ ತುದಿಯಲ್ಲಿ
ಯಾವುದೋ ಹುಡುಗ ಒಂದೇ ಸಾಲನ್ನು
ನಾಲ್ಕನೆಯ ಸಲ ತಪ್ಪಾಗಿ ನುಡಿಸುತ್ತಿದ್ದ.
ಅವಳು ಕಾದಳು. ಐದನೆಯ ಸಲ ಸರಿಹೋಯಿತು.
ಆಮೇಲೆ ಪೆನ್ನು ಕೇಳಿದಳು.

ಮಾರನೆಯ ದಿನ ಮೇಸ್ತ್ರಿ ವಾಖ್ತಾಂಗನ ಫೋನು:
"ಮೂರನೆಯ ಬಾಣಕ್ಕೆ ಎರಡು ಹಾಳೆ ಬಂದಿದೆ,
ಎರಡಕ್ಕೂ ಅವರದೇ ಸಹಿ. ಒಂದರಲ್ಲಿ ಗೋಡೆಯೇ ಇಲ್ಲ.
ಯಾವುದನ್ನು ಕಟ್ಟಲಿ?"
ಕೇಳಿ ಹೇಳುತ್ತೇನೆ, ಎಂದೆ.
ಫೋನು ಕಿವಿಗೇ ಇತ್ತು; ಇನ್ನೊಂದು ಕೈ
ಆಳದ ಗೆರೆಯನ್ನು ಹಿಡಿದು, ಸುಮ್ಮನೆ,
ಒಲೆ ಕಾಣುವಷ್ಟು ಆಚೆ ತಳ್ಳುತ್ತಿತ್ತು.